ಹೆಸರು ಕೆತ್ತಿದ ಹನ್ನೆರಡು ಬಾಟಲಿ

ನನ್ನ ತಂಗಿ ಮುನಿತಾಯಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಹೇರೋಹಳ್ಳಿಯ ನಮ್ಮ ಬೀದಿಯಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎದುರು ಮನೆಯ ನರಸಮ್ಮನ ಪ್ರಕಾರ ಅವಳು ನರ್ಸು. ಹಾಲಿನ ಬೂತಿನವನ ಪ್ರಕಾರ ಸ್ಕ್ಯಾನಿಂಗ್ ಮಾಡುವವಳು. ನಮ್ಮ ಚಿಕ್ಕಪ್ಪ ಹನುಮಯ್ಯನಂತೂ ತೀರಿಕೊಳ್ಳುವವರೆಗೂ ಅವಳು ಬಾಂಬ್ ಫ್ಯಾಕ್ಟರಿಯಲ್ಲಿ ಇದ್ದಾಳೆಂದೇ ನಂಬಿದ್ದ. ಮೂರೂ ತಪ್ಪು. ಇವರೆಲ್ಲರಿಗೂ ಬಾಯಿ ನೋಯುವಷ್ಟು ವಿವರಿಸಿ ಸಾಕಾಗಿ, ಒಂದೇ ಸಲ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಈ ಹಾಳೆಗಳನ್ನೇ ಕೈಗೆ ಕೊಡುತ್ತೇನೆ.

ನಾನು ಸಂಪತ್. ಕುರುಬರಹಳ್ಳಿಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ಬಾಯಿ ಜೋರು, ಕೋಪ ಬೇಗ, ಇದನ್ನು ನನ್ನ ಗಿರಾಕಿಗಳೇ ಹೇಳುತ್ತಾರೆ. ಆದರೂ ಬರುತ್ತಾರೆ, ಏಕೆಂದರೆ ಪಾತ್ರೆಗೆ ಹೆಸರು ಹಾಕುವುದರಲ್ಲಿ ಈ ಕಡೆ ನನ್ನಷ್ಟು ಚೆಂದದ ಅಕ್ಷರ ಇನ್ನೊಬ್ಬರದಿಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವವರು ಕೊಟ್ಟವರ ಹೆಸರು, ತಾರೀಖು ಎಲ್ಲ ಹಾಕಿಸಿಯೇ ಕೊಡುತ್ತಾರೆ. ಮನೆಯವರೂ ಹಾಕಿಸುತ್ತಾರೆ, ಇಲ್ಲದಿದ್ದರೆ ನಾಮಕರಣಕ್ಕೆ ಕೊಟ್ಟ ಕೊಳಗ ಯಾರ ಅಟ್ಟ ಸೇರಿತೋ ಗೊತ್ತಾಗುವುದಿಲ್ಲ. ಕೈಯಲ್ಲಿ ಹಿಡಿಯುವ ಒಂದು ಕರೆಂಟ್ ಮಿಷನ್ನು, ಅದರ ತುದಿಗೆ ಒಂದು ಮುಳ್ಳು. ಅದು ಗರ್ರೆಂದು ಕೊರೆಯುತ್ತಾ ಹೋದಂತೆ ಹೆಸರು ಮೂಡುತ್ತದೆ. ನನ್ನ ತಂಗಿಯ ಕಥೆಯಲ್ಲಿ ಈ ಮಿಷನ್ನಿಗೂ ಒಂದು ಪಾತ್ರ ಇರುವುದರಿಂದ ಮೊದಲೇ ಹೇಳಿದೆ.

ನಮ್ಮಪ್ಪ ಮುನಿಯಪ್ಪ ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ರಾಗಿ, ಸೊಪ್ಪು ಬೆಳೆದವನು. ಮಗಳು ಹುಟ್ಟಿದಾಗ ತನ್ನ ತಾಯಿಯ ಹೆಸರನ್ನೇ ಇಟ್ಟ. ಮನೆಯಲ್ಲಿ ಆ ಹೆಸರಿಗೆ ಬಹಳ ಮರ್ಯಾದೆ. ರಾಜಾಜಿನಗರದ ಕಾಲೇಜಿನಲ್ಲಿ ಮಾತ್ರ ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ಅಪ್ಪ ಅವಳಿಗೆ ಒಂದು ಊಟದ ಡಬ್ಬಿ ಕೊಡಿಸಿ, ಅದರ ಮುಚ್ಚಳದ ಮೇಲೆ ಪೂರ್ತಿ ಹೆಸರು ಹಾಕಿಸಿದ್ದ. ಒಂದು ದಿನ ಅದನ್ನು ತಂದು ನನ್ನ ಮುಂದೆ ಇಟ್ಟಳು. ಆಗ ನಾನು ವಿಜಯನಗರದ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ.

"ಅಣ್ಣ, ಈ ಹೆಸರು ಅಳಿಸಿಕೊಡು."

ನಾನು ಸಮಾಧಾನ ಮಾಡಬೇಕಿತ್ತು. ಮಾಡಲಿಲ್ಲ. "ಅವ್ರು ನಗೋದು ಸರಿಯಾಗೇ ಇದೆ ಬಿಡು, ಮುನಿತಾಯಮ್ಮ ಅಂದ್ರೆ ಹುಣಸೆಹಣ್ಣು ಮಾರೋ ಅಜ್ಜಿ ಹೆಸರಿದ್ದಂಗಿದೆ" ಎಂದು ನಕ್ಕು, ಪಾಲಿಷ್ ಚಕ್ರಕ್ಕೆ ಹಿಡಿದು ಉಜ್ಜಿಕೊಟ್ಟೆ. ಅಕ್ಷರ ಹೋಯಿತು, ಆ ಜಾಗದಲ್ಲಿ ಸಣ್ಣ ತಗ್ಗು ಉಳಿಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಇಪ್ಪತ್ತೆರಡು ವರ್ಷದ ಅಣ್ಣನಿಗೆ ಇರಬೇಕಾದ ಬುದ್ಧಿ ನನಗಿರಲಿಲ್ಲ.

ಅವಳು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ ಮುಗಿಸಿ, ಮುಂಬಯಿಯಲ್ಲಿ ಒಂದು ವರ್ಷ ತರಬೇತಿ ಮಾಡಿಕೊಂಡು ಬಂದಳು. ಕೆಂಗೇರಿ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದಳು. ಆಸ್ಪತ್ರೆಯ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ. ವಿಕಿರಣದ ಕೆಲಸ ಎಂದು ಕೇಳಿ ಇಬ್ಬರು ಗಂಡಿನ ಕಡೆಯವರು ಕಾಫಿ ಕುಡಿದು ಎದ್ದು ಹೋದರು. ನಾನು ಕೆಲಸ ಬಿಡು ಎಂದು ಕೂಗಾಡಿದೆ. ಅವಳು ಬಿಡಲಿಲ್ಲ. ಮೂರನೆಯವರಾಗಿ ಬಂದ ಮಂಜುನಾಥ್ "ಸಂಜೆ ಎಷ್ಟೊತ್ತಿಗೆ ಬರ್ತೀರಾ?" ಎಂದಷ್ಟೇ ಕೇಳಿದರು. ಈಗ ಅವರೇ ನಮ್ಮ ಭಾವ. ಕೆಲಸದ ಜಾಗದಲ್ಲಿ ಮಾತ್ರ ಇವಳು ಮೊದಲ ದಿನವೇ ಹೆಸರು ಮೊಟಕು ಮಾಡಿಕೊಂಡಳು. ಇಪ್ಪತ್ತು ವರ್ಷದಿಂದ ಅಲ್ಲಿ ಅವಳು ಎಲ್ಲರಿಗೂ ತಾಯಾ ಮೇಡಂ.

ಈಗ ಕೆಲಸದ ವಿಷಯ. ಅವಳು ಮಾಡುವುದು ಟ್ರೇಸರ್. ಮೈಯೊಳಗಿನ ಕ್ಯಾನ್ಸರ್ ಗಡ್ಡೆಯನ್ನು ಕೊಯ್ಯದೆ ಹೊರಗಿನಿಂದಲೇ ನೋಡಬೇಕಾದರೆ, ಅದನ್ನು ಹುಡುಕಿಕೊಂಡು ಹೋಗಿ ಅದಕ್ಕೇ ಅಂಟಿಕೊಳ್ಳುವ ಒಂದು ಮದ್ದು ಬೇಕು. ಆ ಮದ್ದಿನ ಜೊತೆ ವಿಕಿರಣ ಸೂಸುವ ಗ್ಯಾಲಿಯಂ ಎಂಬ ಲೋಹವನ್ನು ಚೂರೇ ಚೂರು ಸೇರಿಸಿ ನರಕ್ಕೆ ಚುಚ್ಚುತ್ತಾರೆ. ಮದ್ದು ಹೋಗಿ ಗಡ್ಡೆಯಲ್ಲಿ ಕೂತ ಮೇಲೆ ದೊಡ್ಡ ಸ್ಕ್ಯಾನ್ ಮಿಷನ್ನು ಆ ಜಾಗವನ್ನು ಚುಕ್ಕಿಯಾಗಿ ತೋರಿಸುತ್ತದೆ. ಗ್ಯಾಲಿಯಂ ಒಂದು ಗಂಟೆ ಎಂಟು ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಇವತ್ತು ಮಾಡಿ ನಾಳೆಗೆ ಎತ್ತಿಡುವ ಮಾತೇ ಇಲ್ಲ. ಸೀಸದ ಗಾಜಿನ ಆಚೆ ಕೈ ಚಾಚಿ, ಎದೆಗೊಂದು ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು, ಬೆಳಿಗ್ಗೆ ಮಾಡಬೇಕು, ಪರೀಕ್ಷೆ ಮಾಡಬೇಕು, ಆಗಲೇ ರೋಗಿಗೆ ಕೊಡಬೇಕು.

ಸಾಮಾನ್ಯವಾಗಿ ಎಲ್ಲ ಕಡೆ ಕೊಡುವುದು ಸಕ್ಕರೆಯಂಥ ಒಂದು ಟ್ರೇಸರ್. ಆದರೆ ಹೊಟ್ಟೆಯ ಕೆಲವು ಗಡ್ಡೆಗಳು ಸಕ್ಕರೆಯನ್ನು ಮೂಸಿಯೂ ನೋಡುವುದಿಲ್ಲವಂತೆ. ಸ್ಕ್ಯಾನ್ ಶುಭ್ರವಾಗಿ ಬರುತ್ತದೆ, ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ, ಗಡ್ಡೆ ಒಳಗೇ ಬೆಳೆಯುತ್ತಿರುತ್ತದೆ. ಅಂಥ ಗಡ್ಡೆಗೆಂದೇ ಒಂದು ಹೊಸ ಟ್ರೇಸರ್ ಮಾಡಲು ಅವಳ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಗಿರಿರಾಜ್ ಹೊರಟರು. ಅವರು ಕೊಪ್ಪಳದ ಕಡೆಯವರು, ಮಾತು ಕಡಿಮೆ. ಲೆಕ್ಕಾಚಾರ, ಓದು ಅವರದು. ಕೈ ಇವಳದು. ಯಾವ ಬಿಸಿಗೆ, ಎಷ್ಟು ನಿಮಿಷಕ್ಕೆ, ಎಷ್ಟು ಹುಳಿ ಇದ್ದರೆ ಗ್ಯಾಲಿಯಂ ಸರಿಯಾಗಿ ಕೂರುತ್ತದೆ ಎಂದು ಹದಿನೈದು ತಿಂಗಳು ಹುಡುಕಿದಳು. ಆ ದಿನಗಳಲ್ಲಿ ಊಟಕ್ಕೆ ಕೂತರೂ ತಟ್ಟೆ ನೋಡದೆ ಗಡಿಯಾರ ನೋಡುತ್ತಿದ್ದಳು.

ರೋಗಿಗೆ ಕೊಡುವ ಮುಂಚೆ ನಿಯಮ ಕಟ್ಟುನಿಟ್ಟು. ನೂರಕ್ಕೆ ತೊಂಬತ್ತೈದು ಪಾಲಾದರೂ ಗ್ಯಾಲಿಯಂ ಮದ್ದಿಗೆ ಅಂಟಿರಬೇಕು. ಅದೂ ಒಂದು ಸಲ ಬಂದರೆ ಸಾಲದು, ಸತತ ಮೂರು ಸಲ ಬರಬೇಕು. ಮಧ್ಯದಲ್ಲಿ ಒಂದು ಕೆಟ್ಟರೆ ಮತ್ತೆ ಮೊದಲಿನಿಂದ. ಕಳೆದ ವರ್ಷ ಶ್ರಾವಣದಲ್ಲಿ ಮೊದಲನೆಯದು ತೊಂಬತ್ತೆಂಟು ಬಂತು. ಎರಡನೆಯದು ತೊಂಬತ್ತೇಳು. ಮನೆಯಲ್ಲಿ ಹೋಳಿಗೆ ಮಾಡಿದೆವು. ತಪ್ಪು ನಮ್ಮದೇ, ಮೂರನೆಯದಕ್ಕೆ ಕಾಯಬೇಕಿತ್ತು.

ಆ ಮಧ್ಯೆ ಒಂದು ಬೆಳಿಗ್ಗೆ ಒಂದು ಚೀಲ ಹಿಡಿದುಕೊಂಡು ಅಂಗಡಿಗೆ ಬಂದಳು. ಒಳಗೆ ಹನ್ನೆರಡು ಹೊಸ ಪ್ಲಾಸ್ಟಿಕ್ ಬಾಟಲಿ.

"ಅಣ್ಣ, ಇವು ಆಸಿಡ್‌ನಲ್ಲಿ ನೆನೆಹಾಕಿ ತೊಳೆದು ಮದ್ದಿನ ದ್ರಾವಣ ತುಂಬೋ ಬಾಟ್ಲಿ. ಮಾರ್ಕರ್‌ನಲ್ಲಿ ಬರೆದಿದ್ದೆಲ್ಲ ಆಸಿಡ್‌ಗೆ ಹೋಗ್ಬಿಡುತ್ತೆ. ಪಕ್ಕದ ಲ್ಯಾಬ್‌ನವರು ತಗೊಂಡು ಹೋದ್ರೆ ವಾಪಸ್ ಬರಲ್ಲ. ನಿನ್ ಮಿಷನ್‌ನಲ್ಲಿ ಒಂದು ಗುರುತು ಹಾಕ್ಕೊಡು."

"ಏನು ಗುರುತು?"

"ಮು ಅಂತ ಒಂದೇ ಅಕ್ಷರ ಸಾಕು."

ಅವಳು ಎದುರಿನ ಹೋಟೆಲಿಗೆ ನನಗೂ ಸೇರಿಸಿ ಇಡ್ಲಿ ಕಟ್ಟಿಸಲು ಹೋದಳು. ಒಂದೇ ಅಕ್ಷರ ಏಕೆ? ನನ್ನ ತಂಗಿ ಕ್ಯಾನ್ಸರ್ ಹುಡುಕುವ ಮದ್ದು ಕಂಡುಹಿಡಿಯುತ್ತಿದ್ದಾಳೆ, ಬಾಟಲಿಯ ಮೇಲೆ ಕದ್ದುಮುಚ್ಚಿ ಒಂದು ಅಕ್ಷರವೇ? ಅಂದು ಉಜ್ಜಿಹಾಕಿದ ಹೆಸರು ಇಷ್ಟು ವರ್ಷ ನನ್ನ ಮನಸ್ಸನ್ನು ಕೊರೆಯುತ್ತಲೇ ಇತ್ತು ಎಂದು ಕಾಣುತ್ತದೆ. ಹನ್ನೆರಡಕ್ಕೂ ಪೂರ್ತಿಯಾಗಿ, ದಪ್ಪಗೆ, ಆಳವಾಗಿ 'ಮುನಿತಾಯಮ್ಮ ಹೇರೋಹಳ್ಳಿ' ಎಂದು ಕೊರೆದೆ. ಪುಡಿಯನ್ನು ಬಾಯಲ್ಲಿ ಊದಿ, ಭುಜದ ಮೇಲಿನ ಬಟ್ಟೆಯಲ್ಲಿ ಒರೆಸಿ ಕೊಟ್ಟೆ. ನೋಡಿ ಬೈದಳು. ಆದರೆ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಓದಿಯೂ ಓದಿದಳು. ಅದನ್ನು ನಾನು ನೋಡಿದೆ.

ಮೂರನೆಯದು ಎಂಬತ್ತೊಂದು ಬಂತು.

ಮತ್ತೆ ಮೊದಲಿನಿಂದ ಶುರು. ತೊಂಬತ್ತಾರು ಬಂತು, ಆಮೇಲೆ ಎಪ್ಪತ್ತನಾಲ್ಕು. ಆಮೇಲೆ ಅರವತ್ತೆರಡು. ಗಿರಿರಾಜ್ ನೀರು ಬದಲಾಯಿಸಿದರು, ಮದ್ದಿನ ಪುಡಿ ಬದಲಾಯಿಸಿದರು, ಗ್ಯಾಲಿಯಂ ಬರುವ ಡಬ್ಬವನ್ನೇ ಪರೀಕ್ಷೆ ಮಾಡಿಸಿದರು. ಯಾವುದರಲ್ಲೂ ತಪ್ಪು ಸಿಗಲಿಲ್ಲ. ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಮೂರು ಒಳ್ಳೆಯದು ತೋರಿಸದಿದ್ದರೆ ಈ ಕೆಲಸ ನಿಲ್ಲಿಸುತ್ತೇವೆ ಎಂದು ಆಸ್ಪತ್ರೆಯವರು ಕಾಗದ ಕೊಟ್ಟರು. ಹದಿನೈದು ತಿಂಗಳ ದುಡಿಮೆ ಬೀರು ಸೇರುವ ಹೊತ್ತು.

ಮದ್ದು ಕೆಡಲು ಶುರುವಾದ ವಾರವೇ ಆ ಲ್ಯಾಬಿಗೆ ಕೀರ್ತನಾ ಎಂಬ ಎಂ.ಎಸ್ಸಿ ಮುಗಿಸಿದ ಹುಡುಗಿ ಕೆಲಸಕ್ಕೆ ಸೇರಿದ್ದಳು. ಬಾಪೂಜಿ ನಗರದವಳು, ಆರು ತಿಂಗಳು ನೋಡಿ ಖಾಯಂ ಮಾಡುವ ಕೆಲಸ. ತಾರೀಖು ಪಕ್ಕದಲ್ಲಿ ತಾರೀಖು ಇಟ್ಟು ನೋಡಿದವರಿಗೆ ಬೇರೆ ಕಾರಣ ಬೇಕಿರಲಿಲ್ಲ. ಅವಳ ಕೈ ಸರಿಯಿಲ್ಲ ಎಂಬ ಮಾತು ಲ್ಯಾಬಿನಲ್ಲೆಲ್ಲ ಹಬ್ಬಿತು. ನನ್ನ ತಂಗಿಯೂ ಹಾಗೇ ಅಂದುಕೊಂಡಿದ್ದಳು, ಅದನ್ನು ನಾನು ಮುಚ್ಚಿಡುವುದಿಲ್ಲ. "ಗ್ಲೌಸ್ ಹಾಕ್ಕೊಂಡು ಮೊಬೈಲ್ ಮುಟ್ತಾಳೆ ಅನ್ಸುತ್ತೆ" ಎಂದು ನನ್ನೆದುರಿಗೇ ಗೊಣಗಿದ್ದಳು. ಆ ಶುಕ್ರವಾರ ಗಿರಿರಾಜ್ ಅವಳ ಬಗ್ಗೆ ವರದಿ ಬರೆಯುವವರಿದ್ದರು, ಮುಂದಿನ ವಾರ ಅವಳು ಇರುತ್ತಿರಲಿಲ್ಲ.

ಅದೇ ವಾರದ ಸೋಮವಾರ ನನ್ನ ತಂಗಿ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದಳು. ಶನಿವಾರ ನೀರಲ್ಲಿ ಜಾಲಾಡಿ ಬೋರಲು ಹಾಕಿದ್ದ ಒಂದು ಬಾಟಲಿಯನ್ನು ಎತ್ತಿದಳು. ನಾನು ಕೊರೆದ 'ತಾ' ಅಕ್ಷರದ ತಿರುವಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ಒರೆಸಿದಳು, ಹೋಗಲಿಲ್ಲ. ಉಳಿದವನ್ನು ನೋಡಿದಳು. 'ಮ್ಮ' ದಲ್ಲೂ ಇತ್ತು, 'ಹೇ' ಯಲ್ಲೂ ಇತ್ತು. ಅವಳ ಹೆಸರಿಗೆ ತುಕ್ಕು ಹಿಡಿದಿತ್ತು.

ಮಧ್ಯಾಹ್ನ ರಜೆ ಹಾಕಿ ಆಟೋದಲ್ಲಿ ಅಂಗಡಿಗೆ ಬಂದಳು. ಕೂರಲೂ ಇಲ್ಲ.

"ಅಣ್ಣ, ನನ್ ಬಾಟ್ಲಿಗಿಂತ ಮುಂಚೆ ಆ ಮುಳ್ಳಲ್ಲಿ ಏನು ಕೊರೆದಿದ್ದೆ?"

"ಒಬ್ಬ ಗಿರಾಕಿ ಮಗಳ ಮದುವೆಗೆ ಇನ್ನೂರು ತಟ್ಟೆ. ಯಾಕೆ?"

"ಒರೆಸಿದ್ದು ಯಾವ ಬಟ್ಟೆಲಿ?"

ಭುಜದ ಮೇಲಿದ್ದ ಬಟ್ಟೆ ತೋರಿಸಿದೆ. ದಿನವಿಡೀ ಪಾತ್ರೆ ಪಾಲಿಷ್ ಒರೆಸಿ ಕಪ್ಪಾಗಿತ್ತು. ಅದನ್ನು ನೋಡಿ ಹಣೆಗೆ ಕೈ ಇಟ್ಟುಕೊಂಡಳು.

"ಸ್ಟೀಲ್ ಪುಡಿ ಅಕ್ಷರದ ಒಳಗೆ ಕೂತುಬಿಟ್ಟಿದೆ. ಆಸಿಡ್‌ನಲ್ಲಿ ಹಾಕಿದಾಗೆಲ್ಲ ಅದು ಕರಗಿ ಟಬ್‌ನಲ್ಲಿರೋ ಎಲ್ಲಾ ಬಾಟ್ಲಿಗೂ ಹತ್ತಿದೆ."

ನನಗೆ ಕೋಪ ಬಂತು. ಪಾತ್ರೆ ವ್ಯಾಪಾರಿಯ ಎದುರಿಗೆ ಇಂಥ ಮಾತು ಆಡಬಾರದು. "ಸ್ಟೀಲ್‌ಗೆ ತುಕ್ಕು ಹಿಡಿಯಲ್ಲ ಕಣೇ! ಮೂವತ್ತು ವರ್ಷದಿಂದ ಮಾರ್ತಾ ಇದೀನಿ, ನನಗೇ ಹೇಳ್ಕೊಡ್ತೀಯಾ?"

"ತಟ್ಟೆಗೆ ಹಿಡಿಯಲ್ಲ ಕಣಣ್ಣ. ಪುಡಿಗೆ ಹಿಡಿಯುತ್ತೆ. ಆ ಮುಳ್ಳೂ ಕಬ್ಬಿಣ ತಾನೆ, ಅದೂ ಸವೀತಾನೇ ಇರುತ್ತೆ."

ಅಷ್ಟು ಚೂರು ಕಬ್ಬಿಣ ಏನು ಮಾಡೀತು ಎಂದು ಕೇಳಿದೆ. ಆಗ ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಮದ್ದಿನಲ್ಲಿ ಲೋಹ ಕೂರಲು ಇರುವುದು ಒಂದೇ ಸೀಟು. ನಾವು ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ಹಾಗೆ, ಕಬ್ಬಿಣ ಬಂದು ಮೊದಲೇ ಕೂತುಬಿಡುತ್ತದೆ. ಗ್ಯಾಲಿಯಂ ಬರುವಷ್ಟರಲ್ಲಿ ಬಸ್ಸು ಭರ್ತಿ. ಹಳೆಯ, ಹೆಸರಿಲ್ಲದ ಬಾಟಲಿಗಳನ್ನಷ್ಟೇ ಟಬ್ಬಿಗೆ ಹಾಕಿದ ದಿನ ಮದ್ದು ಸರಿಹೋಗುತ್ತಿತ್ತು. ಹೆಸರಿದ್ದವು ಟಬ್ಬಿಗೆ ಬಿದ್ದ ದಿನ ಕೆಡುತ್ತಿತ್ತು. ಕೊಳೆ ತೆಗೆಯಲೆಂದು ಇಟ್ಟ ಆಸಿಡ್ಡೇ ಕೊಳೆ ಹಂಚುತ್ತಿತ್ತು, ಅದರಲ್ಲೂ ನಾನು ಪ್ರೀತಿಯಿಂದ ಕೊರೆದ ಕೊಳೆಯನ್ನು.

ಈಗ ಏನು ಮಾಡಬಹುದಿತ್ತು ನೋಡಿ. ಸುಮ್ಮನೆ ಆ ಹನ್ನೆರಡು ಬಾಟಲಿ ಎಸೆದು ಹೊಸದು ತರಬಹುದಿತ್ತು. ಮದ್ದು ತಾನಾಗಿ ಸರಿಹೋಗುತ್ತಿತ್ತು. ಕೀರ್ತನಾ ಹೋದ ಮೇಲೆ ಸರಿಹೋಯಿತು ಎಂದು ಎಲ್ಲರೂ ನಂಬುತ್ತಿದ್ದರು. ಇವಳ ಇಪ್ಪತ್ತು ವರ್ಷದ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಈ ಯೋಚನೆ ಅವಳಿಗೂ ಬಂದಿತ್ತು, ಈಗ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ನಾನೇ ಬಾಯಿಬಿಟ್ಟೆ.

"ನನ್ ಹೆಸರು ಹಾಕ್ಬಿಡು ಮುನಿ. ಒಂದಕ್ಷರ ಹೇಳಿದ್ರೆ ಒಂಬತ್ತು ಕೊರೆದಿದ್ದು ನಾನು. ಹೊರಗಿನ ಅಂಗಡಿಯವನು ಹಾಳು ಮಾಡ್ದ ಅಂತ ಬರಿ. ನನಗೇನಾಗುತ್ತೆ, ತಟ್ಟೆ ಮಾರೋನು."

"ಬಾಟ್ಲಿ ತಂದಿದ್ದು ನಾನಲ್ವಾ" ಎಂದಳು. ಅಷ್ಟೇ ಹೇಳಿ ಎದ್ದು ಹೋದಳು.

ಮುಂದಿನದನ್ನು ನನಗೆ ಹೇಳಿದ್ದು ಕೀರ್ತನಾ. ಮರುದಿನ ಬೆಳಿಗ್ಗೆ ತಾಯಾ ಮೇಡಂ ಗಿರಿರಾಜ್ ಅವರನ್ನೂ ಕೀರ್ತನಾಳನ್ನೂ ಕರೆದು ಮೇಜಿನ ಮೇಲೆ ಎರಡು ಗಾಜಿನ ನಳಿಕೆ ಇಟ್ಟಳಂತೆ. ಒಂದರಲ್ಲಿ ಹಳೆಯ ಬಾಟಲಿ ನೆನೆಹಾಕಿದ ಆಸಿಡ್, ಇನ್ನೊಂದರಲ್ಲಿ ಹೆಸರಿನ ಬಾಟಲಿಯದು. ಕಬ್ಬಿಣ ಇದ್ದರೆ ಕೆಂಪಾಗುವ ಒಂದು ದ್ರಾವಣವಿದೆ, ಕಾಲೇಜಿನಲ್ಲೇ ಕಲಿಸುತ್ತಾರಂತೆ. ಎರಡಕ್ಕೂ ಎರಡೆರಡು ಹನಿ ಹಾಕಿದಳು. ಮೊದಲನೆಯದು ನೀರಿನ ಹಾಗೇ ಇತ್ತು. ಎರಡನೆಯದು ಕೆಂಪಗಾಯಿತು.

ಗಿರಿರಾಜ್ ಬಾಟಲಿ ಎತ್ತಿ ತಿರುಗಿಸಿ ಓದಿದರಂತೆ. "ಮುನಿತಾಯಮ್ಮ ಅಂದ್ರ ಯಾರ್ರೀ?"

"ನಾನೇ ಸಾರ್. ತಪ್ಪು ನಂದೇ. ಕೇಳ್ದೆ ಹೊರಗಡೆ ತಗೊಂಡ್ಹೋಗಿ ಗುರುತು ಹಾಕಿಸ್ಕೊಂಡು ಬಂದೆ. ಕೀರ್ತನಾದು ಇದರಲ್ಲಿ ಏನೂ ಇಲ್ಲ." ಆಮೇಲೆ ಕೀರ್ತನಾಳ ಕಡೆ ತಿರುಗಿ, "ನಾನೂ ನಿನ್ ಮೇಲೇ ಅನುಮಾನ ಪಟ್ಟಿದ್ದೆ ಕಣಮ್ಮ. ಕ್ಷಮಿಸಿಬಿಡು" ಎಂದಳಂತೆ.

ಕೀರ್ತನಾ ಇದನ್ನು ಹೇಳುವಾಗ ನನ್ನ ಅಂಗಡಿಯಲ್ಲೇ ಅತ್ತಳು. ನಾನು ಅಳಲಿಲ್ಲ, ಒಂದು ಸಾಲು ಲೋಟಗಳನ್ನು ಸುಮ್ಮನೆ ಎತ್ತಿ ಎತ್ತಿ ಇಟ್ಟೆ.

ಇಂಥ ತಪ್ಪಾದರೆ ತುಂಬಬೇಕಾದ ಒಂದು ಕಾಗದ ಇರುತ್ತದೆ. ಏನಾಯಿತು, ಹೇಗಾಯಿತು, ಯಾರಿಂದಾಯಿತು. ಕೊನೆಯ ಕಾಲಮ್ಮಿನಲ್ಲಿ ಅವಳು ತಾಯಾ ಎಂದು ಬರೆಯಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಗಿರಿರಾಜ್ ಅದನ್ನು ಎರಡು ಸಲ ಓದಿ, "ನೀವು ಇದನ್ನ ಹೇಳದಿದ್ರ ಈ ಹುಡುಗಿ ಬಾಳೇವು ಹಾಳಾಗ್ತಿತ್ರೀ" ಎಂದು ಫೈಲಿಗೆ ಹಾಕಿದರು. ಅವಳಿಗೆ ಬರೆದು ಕೊಟ್ಟ ಎಚ್ಚರಿಕೆಯೂ ಅದೇ ಫೈಲಿನಲ್ಲಿದೆ. ಇರಲಿ. ತಪ್ಪಿಗೆ ಎಚ್ಚರಿಕೆ ಬರುವುದು ನ್ಯಾಯ. ನಮ್ಮ ಮನೆಯ ಹೆಸರು ಅಲ್ಲಿ ತಪ್ಪಿನ ಪಕ್ಕದಲ್ಲಿ ನಿಜವನ್ನೂ ಹೇಳಿಕೊಂಡು ಕೂತಿದೆ. ನನ್ನ ತಂಗಿಯ ಬಗ್ಗೆ ನನಗಿರುವ ಹೆಮ್ಮೆಯಲ್ಲಿ ಅರ್ಧ ಪಾಲು ಆ ಕಾಗದದ್ದು.

ಉಳಿದ ಅರ್ಧ ಪಾಲು ಇನ್ನೊಂದು. ಹದಿನಾಲ್ಕು, ಹದಿನಾರು, ಹತ್ತೊಂಬತ್ತನೇ ತಾರೀಖು ಹೊಸ ಬಾಟಲಿಗಳಲ್ಲಿ ಮೂರು ಸಲ ಮಾಡಿದರು. ಗುರುತಿಗೆ ಈ ಸಲ ಮುಚ್ಚಳಗಳ ಬಣ್ಣ, ಅದು ಕೀರ್ತನಾಳ ಉಪಾಯ. ತೊಂಬತ್ತೇಳು. ತೊಂಬತ್ತೆಂಟು. ಮೂರನೆಯದನ್ನು ಕೀರ್ತನಾಳ ಕೈಯಲ್ಲೇ ಮಾಡಿಸಿ ಇವಳು ಪಕ್ಕದಲ್ಲಿ ಕೈಕಟ್ಟಿ ನಿಂತಳು. ತೊಂಬತ್ತೆಂಟೂವರೆ. ಈ ಸಲ ನಾವು ಮೂರೂ ಆಗುವವರೆಗೆ ಹೋಳಿಗೆಯ ಬೇಳೆ ಬೇಯಲು ಇಡಲಿಲ್ಲ.

ಅನುಮತಿಗಳೆಲ್ಲ ಮುಗಿದು ಮೊದಲ ರೋಗಿಗೆ ಕೊಟ್ಟದ್ದು ಯುಗಾದಿ ಕಳೆದ ಮೇಲೆ. ರೋಗಿ ಯಾರೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದು ನಾಲ್ಕು ಗಂಟೆಗೆ ಅಂಗಡಿಯಲ್ಲಿ ಗಿರಾಕಿಗಳು ಇರಲಿಲ್ಲ. ಅವಳು ಬ್ಯಾಗು ನೇತುಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಕಾಣಿಸ್ತು ಕಣಣ್ಣ."

"ಏನು?"

"ಹೋದ ತಿಂಗಳ ಸಕ್ಕರೆ ಟ್ರೇಸರ್ ಸ್ಕ್ಯಾನ್‌ನಲ್ಲಿ ಏನೂ ಇರ್ಲಿಲ್ಲ. ಇವತ್ತು ಅವರೆಕಾಳಷ್ಟು ಚುಕ್ಕಿ. ಇನ್ನೂ ಚಿಕ್ಕದಿದೆ, ತೆಗೀಬಹುದು ಅಂದ್ರು ಡಾಕ್ಟ್ರು."

ನಮ್ಮಪ್ಪ ಇರಬೇಕಿತ್ತು ಅನಿಸಿತು. ಹೇರೋಹಳ್ಳಿಯ ಸೊಪ್ಪಿನ ಹೊಲದಿಂದ ಬಂದ ಹುಡುಗಿ, ಯಾರ ಕಣ್ಣಿಗೂ ಕಾಣದ್ದನ್ನು ಕಾಣಿಸಿದ್ದಳು.

ಅವಳು ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ಅದೇ ಕಾಲೇಜಿನ ಡಬ್ಬಿ. ಇಷ್ಟು ವರ್ಷ ದಿನಾ ಅದರಲ್ಲೇ ಊಟ ಒಯ್ಯುತ್ತಿದ್ದಳು, ನಾನು ಗಮನಿಸಿಯೇ ಇರಲಿಲ್ಲ. ಮುಚ್ಚಳದ ಮೇಲೆ ನಾನು ಉಜ್ಜಿದ ತಗ್ಗು ಹಾಗೇ ಇತ್ತು.

"ಇದನ್ನ ಯಾರೂ ಆಸಿಡ್‌ನಲ್ಲಿ ನೆನೆಹಾಕಲ್ಲ" ಎಂದಳು. "ಇದರ ಮೇಲೆ ಹಾಕು. ಪೂರ್ತಿ ಹಾಕು."

ಮಿಷನ್ನಿಗೆ ಹೊಸ ಮುಳ್ಳು ಹಾಕಿದೆ. ತೊಳೆದ ಬಟ್ಟೆ ತಂದೆ. ಕನ್ನಡಕ ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ಅವಳು ಎದುರಿಗೆ ಸ್ಟೂಲಿನ ಮೇಲೆ ಕೂತು, ಒಂದೊಂದು ಅಕ್ಷರ ಮೂಡುವುದನ್ನೂ ನೋಡುತ್ತಾ, ಕೊನೆಯ 'ಮ್ಮ' ಮುಗಿಯುವವರೆಗೂ ಏಳಲಿಲ್ಲ.